ಬಚ್ಚಲಲ್ಲಿ ಕಪ್ಪೆ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಳೇ ಮನೆಯಲ್ಲಿ ಇರುವವರಿಗೆ ಕೆಲವು ಪ್ರಶ್ನೆಗಳು ತಪ್ಪುವುದಿಲ್ಲ. ಮಾಡು ಸೋರುತ್ತಾ, ಗೆದ್ದಲು ಹಿಡಿದಿದೆಯಾ, ಇಷ್ಟು ದೊಡ್ಡ ಹಿತ್ತಲು ಗುಡಿಸೋರು ಯಾರು. ನನಗೆ ಇವೆಲ್ಲಕ್ಕಿಂತ ಜಾಸ್ತಿ ಬರುವುದು ಕಪ್ಪೆಯ ಪ್ರಶ್ನೆ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದ ನೆಂಟರು ಹೋದಷ್ಟೇ ಬೇಗ ವಾಪಸ್ ಬಂದು ಕೇಳುತ್ತಾರೆ: "ಅಲ್ಲಾ, ನಿಮ್ಮನೇಲಿ ಇಷ್ಟೊಂದು ಕಪ್ಪೆ ಯಾಕೆ? ಅದನ್ನ ಏನು ಮಾಡ್ತೀರಿ?"

ಕೇಳುವವರಲ್ಲಿ ಎರಡು ಪಕ್ಷ. ಒಂದು ಪಕ್ಷಕ್ಕೆ ಕಪ್ಪೆ ಕಂಡರೆ ಮೈ ಜುಮ್ಮೆನ್ನುತ್ತದೆ. ಚೀಲಕ್ಕೆ ತುಂಬಿ ಎಲ್ಲಾದರೂ ದೂರದ ಕೆರೆಗೆ ಬಿಟ್ಟು ಬರಬಾರದಾ ಅನ್ನುತ್ತಾರೆ. ಇನ್ನೊಂದು ಪಕ್ಷದವರಿಗೆ ಪ್ರಾಣಿ ಅಂದರೆ ಪ್ರೀತಿ. ಪಾಪ, ಅದರ ಪಾಡಿಗೆ ಅದು ಒಳಗೇ ಇರಲಿ, ನಿಮಗೇನು ಕಷ್ಟ ಅನ್ನುತ್ತಾರೆ. ನನ್ನ ಉತ್ತರ ಇಬ್ಬರಿಗೂ ಹಿಡಿಸುವುದಿಲ್ಲ. ಹಿತ್ತಲಿನ ಕಪ್ಪೆ ಹಿತ್ತಲಲ್ಲಿರಲಿ. ಮನೆಯೊಳಗೆ ಬಂದದ್ದು ಹೊರಗೆ ಹೋಗಲಿ, ಅದೂ ಇವತ್ತೇ. ಆದರೆ ಹಿತ್ತಲು ದಾಟಿ ಹೋಗಬಾರದು. ಯಾಕೆಂದರೆ ಕಪ್ಪೆಯಿಂದ ಮನೆಗೆ ಆಗುವ ತೊಂದರೆ ತೀರಾ ಸಣ್ಣದು. ಮನೆಯಿಂದ ಕಪ್ಪೆಗೆ ಆಗುವ ತೊಂದರೆ ದೊಡ್ಡದು.

ಮೊದಲು, ಯಾಕೆ ಬರುತ್ತವೆ ಅನ್ನುವುದು.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಚರ್ಮದಿಂದ ಕುಡಿಯುತ್ತದೆ. ಹೊಟ್ಟೆಯ ಕೆಳಗೆ, ತೊಡೆಯ ಒಳಬದಿಯಲ್ಲಿ ಇರುವ ತೆಳು ಚರ್ಮಕ್ಕೆ ಇದೇ ಮುಖ್ಯ ಕೆಲಸ. ಒದ್ದೆ ನೆಲದ ಮೇಲೆ ಹೊಟ್ಟೆ ಒತ್ತಿ ಸ್ವಲ್ಪ ಹೊತ್ತು ಕೂತರೆ ದಾಹ ತೀರಿತು. ಕೊಳವೇ ಬೇಕು ಅಂತಿಲ್ಲ, ನೀರು ಚೆಲ್ಲಿದ ನೆಲವೂ ಆಗುತ್ತದೆ. ಉಸಿರಾಟದ ಒಂದು ಪಾಲು ಕೂಡ ಚರ್ಮದಿಂದಲೇ ನಡೆಯುತ್ತದೆ. ಅದಕ್ಕೆ ಚರ್ಮ ಸದಾ ತೇವವಾಗಿರಬೇಕು. ಕಷ್ಟ ಏನೆಂದರೆ, ನೀರು ಒಳಗೆ ಬರುವ ಆ ಚರ್ಮದಿಂದಲೇ ಹೊರಗೂ ಹೋಗುತ್ತದೆ. ಬಿಸಿಲು, ಒಣ ಗಾಳಿ, ಒಣ ಸಿಮೆಂಟು ಎಲ್ಲವೂ ಅದರ ಮೈಯಿಂದ ನೀರು ಹೀರುತ್ತವೆ. ಕಪ್ಪೆಯ ಓಡಾಟದ ಬಹುಪಾಲು ಈ ಲೆಕ್ಕಾಚಾರವೇ: ಎಲ್ಲಿ ತೇವ ಇದೆ, ಎಲ್ಲಿ ಅಡಗಲು ಸಂದು ಇದೆ, ಅದರ ಹತ್ತಿರ ತಿನ್ನಲು ಹುಳ ಇದೆಯಾ.

ಈಗ ಹಳೇ ಮನೆಯನ್ನು ಈ ಲೆಕ್ಕದಲ್ಲಿ ನೋಡಿ. ಗೋಡೆಯ ಬುಡದಲ್ಲಿ ನೆಲದ ತೇವ ಮೇಲೇರಿ ಸುಣ್ಣ ಉದುರುತ್ತಿರುತ್ತದೆ. ಹಿತ್ತಲ ಬಾಗಿಲಿನ ಕೆಳಗೆ ಮರ ಸವೆದು ಎರಡು ಬೆರಳು ಸಂದಾಗಿರುತ್ತದೆ. ಬಚ್ಚಲ ನೀರು ಹೊರಗಿನ ಮೋರಿಗೆ ಹೋಗುವ ತೂತಿಗೆ ಜಾಲರಿ ಇರುವುದಿಲ್ಲ. ಇದ್ದರೂ ತುಕ್ಕು ಹಿಡಿದು ಅರ್ಧ ಹೋಗಿರುತ್ತದೆ. ಹಂಚಿಗೂ ಗೋಡೆಗೂ ನಡುವೆ ಜಾಗ ಇರುತ್ತದೆ. ಅಡಿಪಾಯದ ಕಲ್ಲುಗಳ ನಡುವಿನ ಗಾರೆ ಎಂದೋ ಉದುರಿಹೋಗಿರುತ್ತದೆ. ದಪ್ಪ ಗೋಡೆಯಿಂದಾಗಿ ಒಳಗೆ ಹಗಲಲ್ಲೂ ತಂಪು. ರಾತ್ರಿಯಾದರೆ ಜಗಲಿಯ ದೀಪಕ್ಕೆ ಹುಳ ಮುತ್ತುತ್ತವೆ. ನಾವು ಇದನ್ನು ರಿಪೇರಿಗೆ ಬಂದ ಮನೆ ಅನ್ನುತ್ತೇವೆ. ಕಪ್ಪೆಗೆ ಇದರಲ್ಲಿ ಒಂದು ದೋಷವೂ ಕಾಣುವುದಿಲ್ಲ.

ಹಾಗಾಗಿ "ಕಪ್ಪೆ ಯಾಕೆ ಬರುತ್ತೆ" ಅಂತ ಕೇಳಿದವರಿಗೆ ನಾನು ಬಚ್ಚಲ ತೂತು ತೋರಿಸುತ್ತೇನೆ. ಅದೃಷ್ಟ, ಅಪಶಕುನ ಎರಡಕ್ಕೂ ಇಲ್ಲಿ ಕೆಲಸವಿಲ್ಲ.

ಬರುವವರು ಯಾರು ಅಂತ ಗೊತ್ತಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಇಂಡಿಯಾದ ಮನೆಗಳಿಗೆ ಹೆಚ್ಚಾಗಿ ಬರುವವು ಎರಡು. ಒಂದು ನೆಲಗಪ್ಪೆ. ಒರಟು ಮೈ, ಬೆನ್ನ ತುಂಬ ಗುಳ್ಳೆ, ಗುಳ್ಳೆಯ ತುದಿ ಕಪ್ಪು, ಕಣ್ಣಿನ ಸುತ್ತ ಕಪ್ಪು ಏಣು. ಜೋರಾಗಿ ನೆಗೆಯುವುದಿಲ್ಲ, ಕುಪ್ಪಳಿಸುತ್ತಾ ನಡೆದೇ ಬರುತ್ತದೆ. ಬಾಗಿಲ ಸಂದಿಯಿಂದ ಬಂದು ದೀಪದ ಕೆಳಗೆ ಕೂತು ಬಿದ್ದ ಹುಳ ಒಂದೊಂದಾಗಿ ನುಂಗುತ್ತದೆ. ಇರುವೆ, ಗೆದ್ದಲು ಅದಕ್ಕೆ ಬಹಳ ಇಷ್ಟ. ಗೆದ್ದಲಿಗೆ ರೆಕ್ಕೆ ಬಂದು ಹಾರುವ ಸಂಜೆ ಇದರ ಹೊಟ್ಟೆ ನೋಡಬೇಕು.

ಇನ್ನೊಂದು ಮರಗಪ್ಪೆ. ಗೋಡೆಯ ಮೇಲೆ, ಕನ್ನಡಿಯ ಹಿಂದೆ, ಬಾಗಿಲ ಪರದೆಯ ಮಡಿಕೆಯಲ್ಲಿ ಸಿಗುವುದು ಇದೇ. ಕಂದು ಅಥವಾ ಮಣ್ಣಿನ ಬಣ್ಣ, ನುಣುಪು ಮೈ, ತೆಳು ಸೊಂಟ. ಬೆರಳ ತುದಿಯಲ್ಲಿ ಅಗಲವಾದ ದುಂಡು ಬಿಲ್ಲೆ. ಆ ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆರು ಮೂಲೆಯ ಸಣ್ಣ ಸಣ್ಣ ಕೋಶಗಳು ಸಾಲಾಗಿ ಕಾಣುತ್ತವೆ. ಅವುಗಳ ನಡುವಿನ ಕಾಲುವೆಗಳಲ್ಲಿ ಲೋಳೆ ಇರುತ್ತದೆ. ಹಾಗಾಗಿ ಈ ಕಪ್ಪೆ ಗಾಜನ್ನೂ ಹತ್ತಬಲ್ಲದು. ಕಿಟಕಿಯ ಗಾಜಿನ ಆಚೆ ಅಂಟಿಕೊಂಡಾಗ ಈಚೆಯಿಂದ ಅದರ ಬಿಳಿ ಹೊಟ್ಟೆ ನೋಡುವುದು ಮಕ್ಕಳಿಗೆ ಖುಷಿ. ನನಗೂ ಖುಷಿ.

ಮರಗಪ್ಪೆಯ ಇನ್ನೊಂದು ವಿದ್ಯೆ ಹೇಳಲೇಬೇಕು. ಮಳೆ ಮುಗಿದು ಎಲ್ಲ ಒಣಗಿದ ಮೇಲೂ ಅದು ಗೋಡೆಯ ಮೇಲೆ ಆರಾಮಾಗಿ ಕೂತಿರುತ್ತದೆ. ಸತ್ತಿದೆಯೇನೋ ಅಂತ ಜನ ಅಂದುಕೊಳ್ಳುತ್ತಾರೆ. ಅದರ ಚರ್ಮದ ಗ್ರಂಥಿಗಳಿಂದ ಜಿಡ್ಡು ಬೆರೆತ ದ್ರವ ಬರುತ್ತದೆ. ಅದನ್ನು ಕೈಕಾಲುಗಳಿಂದ ಮೈಗೆಲ್ಲ ಒರೆಸಿಕೊಂಡು, ಕಾಲು ಮಡಚಿ ಹೊಟ್ಟೆಯ ಕೆಳಗೆ ಸೇರಿಸಿ, ಕಣ್ಣು ಮುಚ್ಚಿ ಅಲ್ಲಾಡದೆ ಕೂರುತ್ತದೆ. ಜಿಡ್ಡಿನ ಪದರ ಇರುವುದರಿಂದ ಮೈಯ ನೀರು ಬೇಗ ಆರುವುದಿಲ್ಲ. ಹೀಗೆ ಕೂತದ್ದನ್ನು ಕೋಲಿನಿಂದ ತಿವಿದು ಎಬ್ಬಿಸುವುದು ಅನ್ಯಾಯ. ಜೋಪಾನ ಮಾಡಿದ ನೀರೆಲ್ಲ ಓಡಾಟಕ್ಕೆ ಖರ್ಚಾಗುತ್ತದೆ.

ಹೀಗೆ ಮನೆ ಹೊಕ್ಕು ಕೂರುವುದು ನಮ್ಮ ಕಡೆಯ ಮರಗಪ್ಪೆಗಳಿಗೆ ಮಾತ್ರ ಇರುವ ಚಾಳಿ ಅಂತ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ ಒಂದು ದಪ್ಪನೆಯ ಹಸಿರು ಮರಗಪ್ಪೆ ಇದೆ. ಅಲ್ಲಿಯವರು ಕಮೋಡಿನೊಳಗೆ, ಫ್ಲಶ್ ತೊಟ್ಟಿಯೊಳಗೆ, ಮಳೆನೀರಿನ ಕೊಳವೆಯೊಳಗೆ ಅದನ್ನು ಕಂಡು ಅಭ್ಯಾಸವಾದವರು. ಕೊಳವೆಯೊಳಗೆ ಕೂತು ಕೂಗಿದರೆ ಸದ್ದು ಇನ್ನೂ ದೊಡ್ಡದಾಗಿ ಕೇಳುತ್ತದೆ. ತೇವ, ಸಂದು, ಹುಳ ಇದ್ದ ಕಡೆ ಕಪ್ಪೆ ಬರುತ್ತದೆ, ಯಾವ ದೇಶವಾದರೂ ಅಷ್ಟೇ.

ಇವೆರಡಲ್ಲದೆ ಹೂಕುಂಡ ಎತ್ತಿದಾಗ ಅಡಿಯಲ್ಲಿ ಉಬ್ಬಿದ ಮೈಯ, ಮೊಂಡು ಮೂತಿಯ ಸಣ್ಣ ಕಪ್ಪೆಗಳು ಸಿಗುತ್ತವೆ. ಅವು ಮಣ್ಣೊಳಗೆ ಹುದುಗಿ ಕೂರುವ ಜಾತಿ, ಮನೆಯೊಳಗೆ ಬರುವುದು ಅಪರೂಪ. ಜೋರು ಮಳೆ ಬಿದ್ದಾಗ ಹಿತ್ತಲ ಗುಂಡಿಯಲ್ಲಿ ಇದ್ದಕ್ಕಿದ್ದಂತೆ ನಿಂಬೆ ಬಣ್ಣದ ದೊಡ್ಡ ಕಪ್ಪೆಗಳು ಕಂಡರೆ ಗಾಬರಿ ಬೇಡ. ಅದು ಇಂಡಿಯನ್ ಬುಲ್‌ಫ್ರಾಗ್. ಸಂತಾನದ ಕಾಲದಲ್ಲಿ ಗಂಡಿನ ಮೈ ಹಳದಿಯಾಗುತ್ತದೆ, ಗಂಟಲ ಚೀಲ ನೀಲಿಯಾಗುತ್ತದೆ. ಕೆಲವೇ ದಿನ ಈ ವೇಷ.

ಇನ್ನು "ಒಂದೇ ಸಲ ನೂರಾರು ಮರಿಗಳು ಬಂದವು" ಅನ್ನುವ ದೂರು. ನೆಲಗಪ್ಪೆ ಒಂದು ಸಲಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಉದ್ದನೆಯ ಲೋಳೆಯ ಎಳೆಯಲ್ಲಿ. ಗೊದಮೊಟ್ಟೆಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬೆಳೆದು, ಒಟ್ಟಿಗೇ ಬಾಲ ಕಳೆದುಕೊಂಡು, ಒಂದು ಮಳೆಯ ದಿನ ಒಟ್ಟಿಗೇ ನೀರು ಬಿಟ್ಟು ಹೊರಡುತ್ತವೆ. ಒಂದೊಂದೂ ಸುಮಾರು ಒಂದು ಸೆಂಟಿಮೀಟರ್. ದಾರಿಯಲ್ಲಿ ನಿಮ್ಮ ಮನೆ ಇದ್ದರೆ ಹೊಸ್ತಿಲೂ ದಾರಿಯೇ. ಇವನ್ನು ಹಿಡಿದು ಡಬ್ಬಿಗೆ ಹಾಕಲು ಹೋದರೆ ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ ಆಗುತ್ತದೆ, ಒಂದು ಹಾಕುವಷ್ಟರಲ್ಲಿ ಎರಡು ಹಾರಿರುತ್ತವೆ. ಬಾಗಿಲ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿಡಿ, ಒಳಗೆ ಬಂದವನ್ನು ಮೆತ್ತನೆ ಪೊರಕೆಯಿಂದ ಮೊರಕ್ಕೆ ತಳ್ಳಿ ಹೊರಗೆ ಬಿಡಿ. ಕೆಲವು ದಿನದಲ್ಲಿ ಚದುರಿಹೋಗುತ್ತವೆ. ಅವುಗಳಲ್ಲಿ ದೊಡ್ಡದಾಗಿ ಬೆಳೆಯುವವು ತೀರಾ ಕಡಿಮೆ. ಹಕ್ಕಿ, ಹಾವು, ಏಡಿ, ಬಿಸಿಲು ಎಲ್ಲರಿಗೂ ಪಾಲು ಹೋಗುತ್ತದೆ.

ಈಗ ಪ್ರಾಣಿಪ್ರಿಯರ ಪಕ್ಷಕ್ಕೆ ನನ್ನ ತಕರಾರು. ಕಪ್ಪೆ ಒಳಗೇ ಇರಲಿ ಅನ್ನುವುದು ಅದಕ್ಕೆ ಮಾಡುವ ಉಪಕಾರ ಅಲ್ಲ. ಮಲಗುವ ಕೋಣೆಗೆ ಬಂದ ಕಪ್ಪೆ ಮಂಚದ ಕೆಳಗಿನ ಧೂಳಲ್ಲಿ ಹೊರಳುತ್ತದೆ. ಒದ್ದೆ ಚರ್ಮಕ್ಕೆ ಧೂಳು ಅಂಟುತ್ತದೆ, ಧೂಳು ಅದರ ತೇವ ಹೀರುತ್ತದೆ. ತಲೆಕೂದಲು ಕಾಲಿಗೆ ಸುತ್ತಿಕೊಂಡು ಬಿಗಿಯಾಗುತ್ತದೆ. ಫ್ಯಾನಿನ ಗಾಳಿ ಇದ್ದರೆ ಇನ್ನೂ ಬೇಗ ಒಣಗುತ್ತದೆ. ಬೀರುವಿನ ಹಿಂದೆ ಒಣಗಿ ಸುಕ್ಕಾದ ಕಪ್ಪೆ ಸಿಕ್ಕಿದ ಮನೆಗಳು ಬೇಕಾದಷ್ಟಿವೆ. ಬಚ್ಚಲಲ್ಲಿ ತೇವ ಇದೆಯಲ್ಲ ಅನ್ನಬಹುದು. ಇದೆ, ಜೊತೆಗೆ ಸೋಪಿನ ನೀರು, ಫಿನಾಯಿಲ್, ಬ್ಲೀಚಿಂಗ್ ಪುಡಿ, ಟಾಯ್ಲೆಟ್ ತೊಳೆಯುವ ಆಸಿಡ್ ಕೂಡ ಇವೆ. ನೀರನ್ನು ಹೀರುವ ಚರ್ಮ ನೀರಲ್ಲಿ ಕರಗಿದ್ದನ್ನೂ ಹೀರುತ್ತದೆ. ನಾವು ಚಪ್ಪಲಿ ಹಾಕಿಕೊಂಡು ತೊಳೆಯುವ ನೆಲದ ಮೇಲೆ ಅದು ಬರಿ ಹೊಟ್ಟೆ ಊರಿ ಕೂರುತ್ತದೆ. ಬಾಗಿಲ ಕೀಲಿನ ಸಂದಿಯಲ್ಲಿ ಸೇರಿ ಅಪ್ಪಚ್ಚಿಯಾಗುವುದು ಬೇರೆ. ಮರಗಪ್ಪೆಗೆ ಆ ಜಾಗ ಯಾಕೋ ಬಹಳ ಇಷ್ಟ.

ಅದಕ್ಕೆ ತಿಂಡಿ ಇಡುವವರೂ ಇದ್ದಾರೆ. ಸುಮ್ನೆ ಶ್ರಮ. 1959ರಲ್ಲಿ ವಿಜ್ಞಾನಿ ಜೆರೋಮ್ ಲೆಟ್ವಿನ್ ಮತ್ತು ಸಂಗಡಿಗರು ಕಪ್ಪೆಯ ಕಣ್ಣು ಮಿದುಳಿಗೆ ಏನು ತಿಳಿಸುತ್ತದೆ ಅಂತ ಪರೀಕ್ಷಿಸಿ ಬರೆದ ಲೇಖನ ಬಹಳ ಹೆಸರಾಗಿದೆ. ಅಲುಗಾಡುವ ಸಣ್ಣ ವಸ್ತುವನ್ನು ಕಪ್ಪೆ ಆಹಾರ ಅಂತ ಗುರುತಿಸುತ್ತದೆ. ಅಲುಗಾಡದೆ ಬಿದ್ದಿರುವ ಆಹಾರ ಸುತ್ತ ರಾಶಿ ಇದ್ದರೂ ಅದು ಉಪವಾಸ ಸಾಯಬಹುದು. ನೀವಿಟ್ಟ ಅನ್ನದ ಅಗುಳು ಅದರ ಪಾಲಿಗೆ ಇಲ್ಲವೇ ಇಲ್ಲ.

ಹಿಡಿಯುವುದು ಹೇಗೆ? ಕೈ ಚೆನ್ನಾಗಿ ತೊಳೆದು, ಸೋಪು ಉಳಿಯದ ಹಾಗೆ ನೋಡಿಕೊಂಡು, ಒದ್ದೆ ಕೈಯಲ್ಲಿ ಮೆಲ್ಲಗೆ ಮೇಲಿನಿಂದ ಮುಚ್ಚಿ ಎತ್ತಿ. ಒಣ ಕೈ ಅದರ ಲೋಳೆ ಕಿತ್ತುಕೊಳ್ಳುತ್ತದೆ. ಮುಟ್ಟಲು ಆಗದವರು ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ, ಅಡಿಗೆ ರಟ್ಟು ಜಾರಿಸಿ. ಗೋಡೆಯ ಮೇಲಿದ್ದರೂ ಇದೇ ಉಪಾಯ. ಎತ್ತಿದ ಕೂಡಲೇ ಅದು ಕೈ ಮೇಲೆ ನೀರು ಬಿಡುತ್ತದೆ. ಜನ ಅದನ್ನು ವಿಷ ಅಂದುಕೊಂಡು ಕಪ್ಪೆಯನ್ನು ಎಸೆದುಬಿಡುತ್ತಾರೆ. ಅದು ಮೂತ್ರಕೋಶದ ನೀರು, ಬರಗಾಲಕ್ಕೆ ಅಂತ ಕೂಡಿಟ್ಟದ್ದು. ಬೇಕಾದಾಗ ಕಪ್ಪೆ ಅದನ್ನು ಮೈಗೆ ವಾಪಸ್ ಎಳೆದುಕೊಳ್ಳುತ್ತದೆ. ಹೆದರಿಸಿದರೆ ಆ ಗಂಟು ಕಳೆದುಕೊಳ್ಳುತ್ತದೆ. ಹಾಗಾಗಿ ಹೊರಗೆ ಬಿಡುವಾಗ ಒದ್ದೆ ಜಾಗದಲ್ಲಿ ಬಿಡಿ, ನಷ್ಟ ತುಂಬಿಕೊಳ್ಳಲಿ.

ಮುಟ್ಟಿದರೆ ನರುಳ್ಳೆ ಬರುತ್ತದೆ ಅನ್ನುವುದು ಸುಳ್ಳು. ನರುಳ್ಳೆ ಬರುವುದು ಮನುಷ್ಯರಲ್ಲಿ ಹರಡುವ ಒಂದು ವೈರಸ್‌ನಿಂದ. ನೆಲಗಪ್ಪೆಯ ಬೆನ್ನಿನ ಗುಳ್ಳೆಗಳು ಅದರ ಚರ್ಮದ ಗ್ರಂಥಿಗಳು. ಆದರೆ ವಿಷ ಅನ್ನುವುದರಲ್ಲಿ ನಿಜ ಇದೆ. ನೆಲಗಪ್ಪೆಯ ಕಣ್ಣಿನ ಹಿಂದೆ ಎರಡು ಕಡೆ ಉಬ್ಬಿದ ದೊಡ್ಡ ಗ್ರಂಥಿಗಳಿವೆ. ಅವನ್ನು ಹಿಂಡಿದರೆ ಹಾಲಿನ ಬಣ್ಣದ ದ್ರವ ಬರುತ್ತದೆ. ಅದು ಹೃದಯದ ಬಡಿತ ಕೆಡಿಸುವ ವಿಷ. ಸುಮ್ಮನೆ ಎತ್ತಿ ಹೊರಗೆ ಬಿಟ್ಟರೆ ನಮಗೇನೂ ಆಗುವುದಿಲ್ಲ. ಆ ಕೈಯಲ್ಲಿ ಕಣ್ಣು ಉಜ್ಜಬಾರದು, ಬಾಯಿಗೆ ಹಾಕಬಾರದು. ಕಪ್ಪೆಗಳ ಮೈ ಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಆದ್ದರಿಂದ ಯಾವ ಕಪ್ಪೆ ಮುಟ್ಟಿದರೂ ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳಿಗೆ ಇದನ್ನು ಗದರಿಸದೆ ಹೇಳಿಕೊಟ್ಟರೆ ಸಾಕು.

ನಾಯಿ ಇರುವ ಮನೆಯವರು ಮಾತ್ರ ನಿಜವಾಗಿ ಎಚ್ಚರ ಇರಬೇಕು. ನಾಯಿಮರಿ ನೆಲಗಪ್ಪೆಯನ್ನು ಕಚ್ಚಿದರೆ ಬಾಯಲ್ಲಿ ನೊರೆ ಬರುತ್ತದೆ, ತಲೆ ಕೊಡವುತ್ತದೆ. ಒದ್ದೆ ಬಟ್ಟೆಯಿಂದ ವಸಡು, ನಾಲಿಗೆ ಒರೆಸಿ. ನೀರು ಹಾಕಿ ತೊಳೆಯುವಾಗ ಮೂತಿ ಕೆಳಗೆ ಮಾಡಿ, ನೀರು ಗಂಟಲಿಗೆ ಇಳಿಯದೆ ಹೊರಗೆ ಹರಿಯಬೇಕು. ನಡುಕ, ತೂರಾಟ, ಉಸಿರಿನ ತೊಂದರೆ ಕಂಡರೆ ಪಶುವೈದ್ಯರ ಹತ್ತಿರ ಓಡಿ. ಕಾದು ನೋಡುವ ವಿಷಯ ಅಲ್ಲ ಅದು.

ಉಪ್ಪು ಎರಚುವ ಸಲಹೆ ಕೊಡುವವರಿಗೆ ನನ್ನ ಬಳಿ ಸಭ್ಯ ಉತ್ತರ ಇಲ್ಲ. ಉಪ್ಪು ಆ ತೆಳು ಚರ್ಮದಿಂದ ನೀರು ಹೊರಗೆಳೆದು ಕಪ್ಪೆಯನ್ನು ಹಿಂಸಿಸಿ ಕೊಲ್ಲುತ್ತದೆ. ಮಾರನೇ ದಿನ ಅದೇ ತೂತಿನಿಂದ ಇನ್ನೊಂದು ಬರುತ್ತದೆ.

ದೂರ ಬಿಟ್ಟು ಬರಬಾರದಾ ಅನ್ನುವ ಮೊದಲ ಪಕ್ಷಕ್ಕೆ ಬರುತ್ತೇನೆ. ಕಪ್ಪೆಗಳಿಗೆ ಜಾಗದ ನೆನಪು ಚೆನ್ನಾಗಿದೆ. ಯುರೋಪಿನ ನೆಲಗಪ್ಪೆಗಳು ಪ್ರತಿ ವಸಂತದಲ್ಲಿ ಹುಟ್ಟಿದ ಕೊಳಕ್ಕೇ ವಾಪಸ್ ಹೋಗುತ್ತವೆ, ನಡುವೆ ಹೆದ್ದಾರಿ ಬಂದಿದ್ದರೂ ಸರಿ. ಬ್ರಿಟನ್ನಿನಲ್ಲಿ ಆ ರಾತ್ರಿಗಳಲ್ಲಿ ಜನ ಬಕೆಟ್ ಹಿಡಿದು ನಿಂತು ಅವನ್ನು ರಸ್ತೆ ದಾಟಿಸುತ್ತಾರೆ. ನಿಮ್ಮ ಬಚ್ಚಲ ಕಪ್ಪೆಯನ್ನು ಬೀದಿಯ ಕೊನೆಗೆ ಬಿಟ್ಟರೆ ಅದು ರಸ್ತೆ ದಾಟಿ ವಾಪಸ್ ಹೊರಡಬಹುದು, ಚಕ್ರಕ್ಕೆ ಸಿಕ್ಕಬಹುದು. ಬೆನ್ನಿನ ಗುರುತನ್ನು ಫೋಟೋ ತೆಗೆದಿಟ್ಟುಕೊಂಡವರಿಗೆ ಬಂದದ್ದು ಹಳೆಯದೇ ಅಂತ ಗೊತ್ತಾಗುತ್ತದೆ.

ಇನ್ನೂ ದೂರ ಒಯ್ದರೆ ಸಮಸ್ಯೆ ಬೇರೆ. ಕಪ್ಪೆಯ ಚರ್ಮಕ್ಕೆ ತಗಲುವ ಕಿಟ್ರಿಡ್ ಅನ್ನುವ ಒಂದು ಶಿಲೀಂಧ್ರ ಇದೆ. ಅದಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 1999ರಲ್ಲಿ, ಅಷ್ಟರಲ್ಲಾಗಲೇ ಕಾಡುಗಳಲ್ಲಿ ಕಪ್ಪೆಗಳು ಕಾಣೆಯಾಗುತ್ತಿದ್ದವು. 2019ರಲ್ಲಿ ಲೆಕ್ಕ ಹಾಕಿದಾಗ ಈ ರೋಗದಿಂದ ಕಪ್ಪೆ ಮತ್ತು ಅದರ ಬಳಗದ 501 ಜಾತಿಗಳ ಸಂಖ್ಯೆ ಕುಸಿದದ್ದು, ಅವುಗಳಲ್ಲಿ 90 ಜಾತಿಗಳು ಪೂರ್ತಿ ಹೋದಂತೆಯೇ ಅನ್ನುವುದು ಗೊತ್ತಾಯಿತು. ಮನುಷ್ಯರು ಕಪ್ಪೆಗಳನ್ನು ಅಲ್ಲಿಂದಿಲ್ಲಿಗೆ ಸಾಗಿಸಿದ್ದು ಅದು ಹರಡಲು ಒಂದು ದೊಡ್ಡ ಕಾರಣ. ಒಂದು ಚೀಲ ಕಪ್ಪೆ ಒಯ್ದವರಿಗೆ ಜೊತೆಗೆ ಏನು ಹೋಯಿತು ಅಂತ ಕಣ್ಣಿಗೆ ಕಾಣುವುದಿಲ್ಲ.

ಕಪ್ಪೆಯೇ ಕಾಟವಾದ ಕಥೆಯೂ ಇದೆ. 1935ರಲ್ಲಿ ಕಬ್ಬಿನ ದುಂಬಿ ತಿನ್ನಲಿ ಅಂತ ಹವಾಯಿಯಿಂದ ಕೇನ್ ಟೋಡ್ ಅನ್ನುವ ದೊಡ್ಡ ಜಾತಿಯ ಸುಮಾರು 100 ನೆಲಗಪ್ಪೆಗಳನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ತಂದರು. ದುಂಬಿ ಹಾಗೇ ಉಳಿಯಿತು. ಕಪ್ಪೆ ಖಂಡದ ಉತ್ತರಕ್ಕೆಲ್ಲ ಹರಡಿತು, ಅದನ್ನು ತಿಂದ ಅಲ್ಲಿಯ ಪ್ರಾಣಿಗಳು ವಿಷಕ್ಕೆ ಸತ್ತವು. ಎಲ್ಲೋ ಹೊರಗಿನ ಮಾತು ಅನ್ನಬೇಡಿ. ನಮ್ಮ ಬಚ್ಚಲಲ್ಲಿ ಕೂರುವ ಇದೇ ಜಾತಿಯ ನೆಲಗಪ್ಪೆ ಮಡಗಾಸ್ಕರ್ ಸೇರಿಕೊಂಡಿದೆ. 2014ರಲ್ಲಿ ವಿಜ್ಞಾನಿಗಳು ಎಚ್ಚರಿಕೆ ಕೊಟ್ಟರು. ಅದರ ವಿಷ ತಡೆದುಕೊಳ್ಳುವ ಶಕ್ತಿ ಅಲ್ಲಿಯ ಪ್ರಾಣಿಗಳಿಗೆ ಬಹುಪಾಲು ಇಲ್ಲ. ಆ ಹಳದಿ ಬುಲ್‌ಫ್ರಾಗ್ ಅಂಡಮಾನ್ ದ್ವೀಪಗಳಿಗೆ ಹೋಗಿದೆ. ಅದರ ಗೊದಮೊಟ್ಟೆ ಬೇರೆ ಗೊದಮೊಟ್ಟೆಗಳನ್ನು ತಿನ್ನುತ್ತದೆ. ಹಿತ್ತಲಲ್ಲಿ ಸಾಧುವಾಗಿ ಇರುವುದನ್ನು ಬೇರೆ ಕಡೆ ಬಿಟ್ಟರೆ ಅಲ್ಲಿ ಅದರ ಗುಣ ಏನು ಅಂತ ಮೊದಲೇ ಹೇಳಲಾಗುವುದಿಲ್ಲ. ಹಿತ್ತಲ ನೆರಳಿನ ಮೂಲೆ, ಕುಂಡಗಳ ಹಿಂದೆ, ತರಗೆಲೆ ರಾಶಿಯ ಪಕ್ಕ. ಅದೇ ಸರಿಯಾದ ವಿಳಾಸ. ಕತ್ತಲಾದ ಮೇಲೆ ಬಿಡಿ, ಕಾಗೆಗೆ ಸಿಗುವುದಿಲ್ಲ.

ಮತ್ತೆ ಬಾರದ ಹಾಗೆ ಮಾಡುವುದು ಗಾರೆ ಕೆಲಸ ಮತ್ತು ದೀಪದ ಕೆಲಸ. ಬಚ್ಚಲ ತೂತಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸಿ. ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹೊಡೆಸಿ. ಅಡಿಪಾಯದ ಸಂದುಗಳನ್ನು ಗಾರೆಯಿಂದ ಮುಚ್ಚಿಸಿ, ಆದರೆ ಮುಚ್ಚುವ ಮೊದಲು ಟಾರ್ಚ್ ಬಿಟ್ಟು ಒಳಗೆ ಯಾರೂ ಇಲ್ಲ ಅಂತ ನೋಡಿ. ಜಗಲಿಯ ಬಿಳಿ ದೀಪ ತೆಗೆದು ಹಳದಿ ದೀಪ ಹಾಕಿದರೆ ಹುಳ ಕಡಿಮೆಯಾಗುತ್ತದೆ, ಹುಳ ಕಡಿಮೆಯಾದರೆ ಕಪ್ಪೆಗೆ ಹೊಸ್ತಿಲ ಹತ್ತಿರ ಕೆಲಸವಿಲ್ಲ. ಸೋರುವ ನಲ್ಲಿ ಸರಿ ಮಾಡಿಸಿ. ಇಷ್ಟು ಮಾಡಿದ ಮೇಲೂ ಮರಗಪ್ಪೆ ಹಂಚಿನ ಸಂದಿಯಿಂದ ಬರುತ್ತದೆ. ಅದಕ್ಕೆ ನನ್ನ ಬಳಿ ಮದ್ದಿಲ್ಲ, ಡಬ್ಬಿ ಮತ್ತು ರಟ್ಟು ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದೇನೆ.

"ಕಪ್ಪೆ ಇದ್ದರೆ ಹಾವು ಬರುತ್ತೆ ಅಲ್ವಾ?" ಇದು ನಗಾಡುವ ಪ್ರಶ್ನೆ ಅಲ್ಲ. ನಾಗರಹಾವು, ಕೇರೆಹಾವು ಎರಡೂ ಕಪ್ಪೆ ತಿನ್ನುತ್ತವೆ. ನೀರುಹಾವಿಗೂ ಅದು ಊಟ. ಆದರೆ ಅದೇ ನಾಗರ, ಅದೇ ಕೇರೆ ಇಲಿಯನ್ನೂ ಹುಡುಕಿಕೊಂಡು ಬರುತ್ತವೆ. ಇಲಿ ನಮ್ಮ ಮನೆಯೊಳಗೇ, ಉಗ್ರಾಣದಲ್ಲೇ ಸಂಸಾರ ಹೂಡಿರುತ್ತದೆ. ಹಾವಿನ ಭಯ ಇದ್ದರೆ ಮೊದಲು ಇಲಿಬಿಲ ಮುಚ್ಚಿ, ಗೋಡೆಗೆ ಒರಗಿಸಿದ ಸೌದೆ, ಇಟ್ಟಿಗೆ, ಹಳೇ ಹಂಚಿನ ರಾಶಿ ದೂರ ಸರಿಸಿ, ಬಾಗಿಲ ಸುತ್ತಲಿನ ಹುಲ್ಲು ಕತ್ತರಿಸಿ. ಕಪ್ಪೆಯನ್ನು ಮನೆಯೊಳಗೆ ಉಳಿಸಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಊಟ ಹಿತ್ತಲಲ್ಲಿದ್ದರೆ ಹಾವು ಹಿತ್ತಲಿಗೆ ಬರುತ್ತದೆ, ಬಚ್ಚಲಲ್ಲಿದ್ದರೆ ಬಚ್ಚಲಿಗೆ. ಇನ್ನೊಂದು ವಿಷಯ ತಿಳಿದಿರಲಿ. ಹಾವಿನ ಬಾಯಿಗೆ ಸಿಕ್ಕ ಕಪ್ಪೆ ಎಳೆಮಗು ಚೀರಿದಂತೆ ಬಾಯಿ ತೆರೆದು ಚೀರುತ್ತದೆ, ಮಾಮೂಲಿ ವಟವಟ ಅಲ್ಲ. ಆ ಸದ್ದು ಕೇಳಿದರೆ ಕತ್ತಲಲ್ಲಿ ಬರಿಗಾಲಲ್ಲಿ ಅತ್ತ ಹೋಗಬೇಡಿ. ಬಿಡಿಸಲೂ ಹೋಗಬೇಡಿ.

ಸೊಳ್ಳೆ ತಿನ್ನುತ್ತವಲ್ಲ, ಅದೊಂದು ಲಾಭ ಅನ್ನುವವರೂ ಇದ್ದಾರೆ. ಕಪ್ಪೆಯ ಪರವಾಗಿ ಮಾತಾಡುವಾಗ ನಾನು ಈ ವಾದ ಬಳಸುವುದಿಲ್ಲ. ದೊಡ್ಡ ಕಪ್ಪೆಗಳು ಸೊಳ್ಳೆಗಿಂತ ಜಿರಲೆ, ದುಂಬಿ, ಇರುವೆ, ಗೆದ್ದಲು, ಪತಂಗಗಳಂಥ ದಪ್ಪ ಹುಳಗಳನ್ನೇ ಜಾಸ್ತಿ ತಿನ್ನುತ್ತವೆ. ಬಹಳಷ್ಟು ಜಾತಿಯ ಗೊದಮೊಟ್ಟೆಗಳು ಪಾಚಿ ಕೆರೆದು ತಿನ್ನುವಂಥವು. ಬುಲ್‌ಫ್ರಾಗಿನ ಗೊದಮೊಟ್ಟೆ ಸೊಳ್ಳೆಮರಿ ತಿನ್ನುತ್ತದೆ, ನಿಜ. ಆದರೆ ಕಪ್ಪೆ ಇದೆ ಅಂತ ನಂಬಿ ನಿಂತ ನೀರು ಬಿಟ್ಟರೆ ಡೆಂಗಿ ಸೊಳ್ಳೆಗೆ ಮನೆ ಮಾಡಿಕೊಟ್ಟಂತೆ.

ಇಲ್ಲಿಗೆ ನೊರೆಯ ಮುದ್ದೆಯ ವಿಷಯ ಬರುತ್ತದೆ. ತೊಟ್ಟಿಯ ಅಂಚಿಗೆ, ಡ್ರಮ್ಮಿನ ಒಳಗೋಡೆಗೆ, ನೀರಿನ ಮೇಲೆ ಬಾಗಿದ ಎಲೆಗೆ ಮುಷ್ಟಿಗಾತ್ರದ ಕೆನೆಬಣ್ಣದ ನೊರೆ ಅಂಟಿರುವುದು ನೋಡಿರಬಹುದು. ಯಾರೋ ಸೋಪು ಮೆತ್ತಿದ್ದಾರೆ ಅಂತ ಉಜ್ಜಿ ತೆಗೆಯುತ್ತಾರೆ. ಅದು ಮರಗಪ್ಪೆಯ ಗೂಡು. ಹೆಣ್ಣು ತನ್ನ ಮೈಯಿಂದ ಬಂದ ದ್ರವವನ್ನು ಹಿಂಗಾಲಿನಿಂದ ಕಡೆದು ನೊರೆ ಎಬ್ಬಿಸಿ ಅದರೊಳಗೆ ಮೊಟ್ಟೆ ಇಡುತ್ತದೆ. ಹೊರಮೈ ಗಟ್ಟಿಯಾಗುತ್ತದೆ, ಒಳಗೆ ಒದ್ದೆ ಉಳಿಯುತ್ತದೆ. ಕೆಲವು ದಿನಕ್ಕೆ ನೊರೆ ಕರಗಿ ಮರಿಗಳು ಕೆಳಗಿನ ನೀರಿಗೆ ಉದುರುತ್ತವೆ. ಕೆಳಗೆ ನೀರಿಲ್ಲದಿದ್ದರೆ ಕಥೆ ಅಲ್ಲಿಗೆ ಮುಗಿಯಿತು.

ಅದು ದಿನಬಳಕೆಯ ನೀರಿನ ತೊಟ್ಟಿಯಾದರೆ ಏನು ಮಾಡುವುದು? ನೊರೆಯನ್ನು ಅಂಟಿದ ಎಲೆ ಅಥವಾ ಒಂದು ರಟ್ಟಿನ ಸಮೇತ ಇಡಿಯಾಗಿ ಬಿಡಿಸಿ, ಹಳೇ ಬಕೆಟ್ಟಿಗೆ ಮಳೆನೀರು ತುಂಬಿ ಅದರ ಮೇಲೆ ನಿಲ್ಲಿಸಿ. ನೆರಳಲ್ಲಿಡಿ. ಕ್ಲೋರಿನ್ ಹಾಕಿದ ನಲ್ಲಿನೀರು ಬೇಡ. ಮರಿ ಉದುರಿದ ಮೇಲೆ ಬಕೆಟ್ಟಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ. ಕಪ್ಪೆಯಾಗಲು ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಮುಂಗಾಲು ಮೂಡುತ್ತಿದ್ದಂತೆ ಪರದೆ ಬಿಚ್ಚಿ, ಒಳಗೊಂದು ಒರಟು ಕೋಲು ಓರೆಯಾಗಿ ಇಡಿ. ಆ ಹೊತ್ತಿಗೆ ಕಿವಿರು ಹೋಗಿ ಶ್ವಾಸಕೋಶ ಬಂದಿರುತ್ತದೆ, ಹತ್ತಲು ಏನೂ ಸಿಗದಿದ್ದರೆ ನೀರಲ್ಲೇ ಹುಟ್ಟಿದ ಮರಿ ನೀರಲ್ಲೇ ಮುಳುಗಿ ಸಾಯುತ್ತದೆ. ನೆಲಗಪ್ಪೆಗಂತೂ ದೊಡ್ಡದಾದ ಮೇಲೂ ಇದೇ ಗತಿ. ನುಣುಪು ಗೋಡೆಯ ತೊಟ್ಟಿಗೆ ಬಿದ್ದರೆ ಈಜಿ ಈಜಿ ಸುಸ್ತಾಗಿ ಹೋಗುತ್ತದೆ. ತೊಟ್ಟಿ ಯಾವುದಿದ್ದರೂ ಒಂದು ಹಲಗೆ ಇಳಿಬಿಟ್ಟಿರಿ. ಅಳಿಲು, ಓತಿಕ್ಯಾತಕ್ಕೂ ಅದೇ ಏಣಿ.

ಹಿತ್ತಲಿಗೆ ಹೆಚ್ಚೇನೂ ಬೇಕಿಲ್ಲ. ಒಂದು ಮೂಲೆಯ ತರಗೆಲೆ ಸುಡದೆ ಬಿಡಿ. ಕೀಟನಾಶಕ ಹೊಡೆಯಬೇಡಿ. ಸೊಳ್ಳೆಗೂ ಜಿರಲೆಗೂ ಹೊಡೆಯುವ ಸ್ಪ್ರೇಗಳಲ್ಲಿ ಇರುವ ಪೈರೆಥ್ರಾಯ್ಡ್ ಅನ್ನುವ ಕೀಟನಾಶಕಗಳು ನೀರಿನ ಜೀವಿಗಳಿಗೆ ಬಹಳ ಕೆಟ್ಟ ವಿಷ. ಹುಲ್ಲು ಕತ್ತರಿಸುವ ಯಂತ್ರ ಓಡಿಸುವ ಮೊದಲು ಒಂದು ಸಲ ಕೋಲಿನಿಂದ ಸವರಿಕೊಂಡು ಹೋಗಿ. 2023ರ ಜಾಗತಿಕ ಪಟ್ಟಿಯ ಪ್ರಕಾರ ಉಭಯಚರಗಳಲ್ಲಿ ಶೇಕಡಾ 41ರಷ್ಟು ಜಾತಿಗಳು ಅಳಿವಿನ ಅಂಚಿನ ಕಡೆಗಿವೆ. ನಮ್ಮ ಹಿತ್ತಲಿಗೆ ಬರುವವು ಹೆಚ್ಚಾಗಿ ಆ ಪಟ್ಟಿಯಲ್ಲಿಲ್ಲದ ಗಟ್ಟಿಪಿಂಡಗಳು. ಅವು ಇಲ್ಲಿರುವುದರಿಂದ ಕಾಡಿನ ಅಪರೂಪದ ಕಪ್ಪೆ ಉಳಿಯಿತು ಅಂತ ನಾನು ಹೇಳುವುದಿಲ್ಲ. ಇವು ಇವುಗಳ ಪಾಡಿಗೆ ಇರಲಿ, ಅಷ್ಟೇ.

ಕೊನೆಯ ಪ್ರಶ್ನೆ ರಾತ್ರಿ ಉಳಿದುಕೊಳ್ಳುವ ನೆಂಟರದು: "ಈ ಸದ್ದಲ್ಲಿ ನಿದ್ದೆ ಹೇಗೆ ಮಾಡ್ತೀರಿ?" ಹೀಗೆ ಕೂಗುವುದು ಹೆಚ್ಚಾಗಿ ಗಂಡು ಕಪ್ಪೆ, ಹೆಣ್ಣನ್ನು ಕರೆಯಲು. ಒಂದೊಂದು ಜಾತಿಗೂ ಒಂದೊಂದು ಸ್ವರ. ಮಳೆ ಬಂದ ರಾತ್ರಿ ಜೋರು, ಮಳೆ ನಿಂತು ಕೆಲವು ದಿನಕ್ಕೆ ಇಳಿಯುತ್ತದೆ. ನಿಲ್ಲಿಸುವ ಉಪಾಯ ಇಲ್ಲ. ಹಿತ್ತಲ ಕಡೆಯ ಕೋಣೆ ಬೇಡ ಅಂದರೆ ಜಗಲಿ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಕಿಕೊಡುತ್ತೇನೆ. ಮಲಗುವ ಮೊದಲು ಬಾಗಿಲ ಕೀಲಿನ ಸಂದು ನೋಡಿ ಬಾಗಿಲು ಹಾಕಿ ಅಂತ ಮಾತ್ರ ಹೇಳುತ್ತೇನೆ.